ಕುಟುಂಬ ಶಿಬಿರಕ್ಕೆ ದೊಡ್ಡ ಡೇರೆಯ ಆಯ್ಕೆ: ಸಾರ್ವಜನಿಕರಿಗೆ ಮಾಹಿತಿ

ಶಿಬಿರ ತಾಣಗಳಲ್ಲಿ ಸ್ವಂತ ಡೇರೆ ಹಾಕಿಕೊಂಡು ತಂಗಲು ಅನುಮತಿ ಕೋರಿ ಅರ್ಜಿ ಸಲ್ಲಿಸುವ ಕುಟುಂಬಗಳ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ. ಐದು ಅಥವಾ ಅದಕ್ಕಿಂತ ಹೆಚ್ಚು ಸದಸ್ಯರಿರುವ ಕುಟುಂಬವು ಮಕ್ಕಳು ಮತ್ತು ಹಿರಿಯರ ಸಮೇತ ಒಂದೇ ಡೇರೆಯಲ್ಲಿ ರಾತ್ರಿ ಕಳೆಯಬೇಕಾದಲ್ಲಿ ಯಾವ ಅಳತೆಯ, ಯಾವ ಬಟ್ಟೆಯ, ಯಾವ ರಚನೆಯ ಡೇರೆ ಸೂಕ್ತವೆಂಬುದನ್ನು ಇಲ್ಲಿ ವಿವರಿಸಲಾಗಿದೆ. ಒಬ್ಬಿಬ್ಬರು ಬೆನ್ನ ಮೇಲೆ ಹೊತ್ತೊಯ್ಯುವ ಚಾರಣದ ಸಣ್ಣ ಡೇರೆಗಳು ಈ ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ.

ಡೇರೆಯು ಕನ್ನಡ ನಾಡಿಗೆ ಹೊಸದಲ್ಲ. ಟಿಪ್ಪು ಸುಲ್ತಾನನದೆಂದು ಹೆಸರಾದ, ಹೂಬಳ್ಳಿಗಳ ಚಿತ್ತಾರವುಳ್ಳ ಹತ್ತಿ ಬಟ್ಟೆಯ ಡೇರೆಯು 1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಬ್ರಿಟನ್ನಿಗೆ ಸಾಗಿ, ಇಂದಿಗೂ ವೇಲ್ಸ್‌ನ ಪೋವಿಸ್ ಕೋಟೆಯಲ್ಲಿದೆ. ಜಾತ್ರೆ ಮತ್ತು ಮದುವೆಗಳ ಶಾಮಿಯಾನವಂತೂ ಸರ್ವರಿಗೂ ಪರಿಚಿತ. ಆದರೆ ಶಾಮಿಯಾನವನ್ನು ಹಾಕುವವರು ಬೇರೆ, ಅದರಡಿ ಕೂರುವವರು ಬೇರೆ. ಕುಟುಂಬ ಶಿಬಿರದಲ್ಲಿ ಡೇರೆ ಹಾಕುವವರೂ, ಅದರೊಳಗೆ ಮಲಗುವವರೂ, ನಡುರಾತ್ರಿ ಗಾಳಿಮಳೆ ಬಂದಾಗ ಎದ್ದು ಹಗ್ಗ ಬಿಗಿಯುವವರೂ ಕುಟುಂಬದವರೇ ಆಗಿರುತ್ತಾರೆ. ಆದುದರಿಂದ ಅಂಗಡಿಯಲ್ಲಿ ಕಂಡ ಅಂದಕ್ಕಿಂತ, ಕೆಟ್ಟ ರಾತ್ರಿಯೊಂದರಲ್ಲಿ ಡೇರೆಯು ಒಳಗಿನವರನ್ನು ಹೇಗೆ ಕಾಪಾಡುತ್ತದೆ ಎಂಬುದೇ ಆಯ್ಕೆಯ ಅಳತೆಗೋಲಾಗತಕ್ಕದ್ದು.

ಅರ್ಜಿ ಸಲ್ಲಿಸುವ ಮುನ್ನ

ಎಲ್ಲ ಶಿಬಿರಗಳಿಗೂ ಸ್ವಂತ ಡೇರೆಯ ಅಗತ್ಯವಿರುವುದಿಲ್ಲ. ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯು ಬಿಳಿಗಿರಿರಂಗನ ಬೆಟ್ಟದ ಕ್ಯಾತದೇವರಗುಡಿ, ಕಾವೇರಿ ತೀರದ ಭೀಮೇಶ್ವರಿ, ಗಾಲಿಬೋರೆ ಮುಂತಾದ ತನ್ನ ಶಿಬಿರಗಳಲ್ಲಿ ಡೇರೆ ಮಾದರಿಯ ವಸತಿಯನ್ನು ತಾನೇ ಒದಗಿಸುತ್ತದೆ. ವರ್ಷಕ್ಕೊಮ್ಮೆ ಮಾತ್ರ ಶಿಬಿರಕ್ಕೆ ಹೋಗುವ ಕುಟುಂಬವು ಡೇರೆ ಖರೀದಿಸುವ ಮುನ್ನ ಇಂತಹ ವಸತಿಯ ವೆಚ್ಚವನ್ನು ಹೋಲಿಸಿ ನೋಡುವುದು ಒಳಿತು.

ಸ್ವಂತ ಡೇರೆ ಹಾಕುವುದಾದರೆ ಸ್ಥಳವು ಯಾರ ಅಧೀನದಲ್ಲಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು. ಮೀಸಲು ಅರಣ್ಯಗಳಿಗೆ ಕರ್ನಾಟಕ ಅರಣ್ಯ ಅಧಿನಿಯಮ, 1963 ಹಾಗೂ ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಿಗೆ ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972 ಅನ್ವಯವಾಗುತ್ತವೆ. ಅನುಮತಿಯಿಲ್ಲದೆ ಪ್ರವೇಶಿಸುವುದು, ಬೆಂಕಿ ಹಚ್ಚುವುದು ಶಿಕ್ಷಾರ್ಹ ಅಪರಾಧ. ಚಾರಣಕ್ಕೆ ದೊರೆತ ಅನುಮತಿಯನ್ನು ರಾತ್ರಿ ತಂಗುವ ಅನುಮತಿಯೆಂದು ಭಾವಿಸಬಾರದು. ಇವೆರಡೂ ಬೇರೆ ಬೇರೆ. ಖಾಸಗಿ ತೋಟ ಅಥವಾ ಹೋಂಸ್ಟೇ ಆವರಣದಲ್ಲಿ ಮಾಲೀಕರ ಒಪ್ಪಿಗೆಯನ್ನು ಮುಂಚಿತವಾಗಿ, ಸಾಧ್ಯವಾದಲ್ಲಿ ಲಿಖಿತವಾಗಿ, ಪಡೆದುಕೊಳ್ಳುವುದು ಸೂಕ್ತ.

ಹಲವು ತಾಣಗಳಲ್ಲಿ ಡೇರೆಗಾಗಿ ಸಮತಟ್ಟು ಮಾಡಿದ ಅಂಕಣ ಅಥವಾ ಕಟ್ಟೆಗಳಿರುತ್ತವೆ. 10 ಅಡಿ ಅಗಲ, 14 ಅಡಿ ಉದ್ದದ ಡೇರೆಗೆ 140 ಚದರ ಅಡಿ ಸ್ಥಳ ಸಾಕೆಂದು ಅರ್ಜಿದಾರರು ಬರೆಯುವುದುಂಟು. ವಾಸ್ತವದಲ್ಲಿ ಹಗ್ಗಗಳನ್ನು ಎಳೆದು ಕಟ್ಟಲು ನಾಲ್ಕೂ ಕಡೆ ತಲಾ 4 ಅಡಿಯಾದರೂ ಬೇಕಾಗುವುದರಿಂದ ಅದೇ ಡೇರೆಗೆ 18 ಅಡಿ ಅಗಲ, 22 ಅಡಿ ಉದ್ದ, ಅಂದರೆ 396 ಚದರ ಅಡಿ ಸ್ಥಳ ಬೇಕು. ತಾಣದ ಕಛೇರಿಯಲ್ಲಿ ಅಂಕಣದ ಅಳತೆಯನ್ನು ವಿಚಾರಿಸದೆ ದೊಡ್ಡ ಡೇರೆ ಖರೀದಿಸಿದಲ್ಲಿ, ಹಗ್ಗ ಕಟ್ಟಲಾಗದೆ ಹಾಗೆಯೇ ನಿಲ್ಲಿಸುವ ಪ್ರಸಂಗ ಬರುತ್ತದೆ. ಹಗ್ಗ ಕಟ್ಟದ ದೊಡ್ಡ ಡೇರೆಯು ಮೊದಲ ಬಿರುಗಾಳಿಗೇ ಉರುಳುವುದು.

ಚೀಲದ ಮೇಲಿನ ಸಂಖ್ಯೆ

ಡೇರೆಯ ಚೀಲದ ಮೇಲೆ 'ಆರು ಜನರಿಗೆ', 'ಎಂಟು ಜನರಿಗೆ' ಎಂದು ನಮೂದಿಸಿರುತ್ತಾರೆ. ಖರೀದಿದಾರರು ಅತ್ಯಂತ ಹೆಚ್ಚಾಗಿ ಮೋಸ ಹೋಗುವುದು ಈ ಸಂಖ್ಯೆಯಿಂದಲೇ. ಸಂಖ್ಯೆಯು ಸುಳ್ಳಲ್ಲ, ಆದರೆ ಅದರ ಲೆಕ್ಕ ಬೇರೆ. ಹಾಸಿಗೆಗಳನ್ನು ಒಂದಕ್ಕೊಂದು ತಾಗಿಸಿ, ನಡುವೆ ಬೆರಳೂ ತೂರದಂತೆ ಹಾಸಿದರೆ ಎಷ್ಟು ಜನ ಹಿಡಿಯುತ್ತಾರೋ ಅದು ಆ ಸಂಖ್ಯೆ. ಚೀಲ, ಚಪ್ಪಲಿ, ನೀರಿನ ಕ್ಯಾನು, ರಾತ್ರಿ ಎದ್ದು ಹೊರಹೋಗುವ ದಾರಿ ಯಾವುದೂ ಅದರಲ್ಲಿ ಸೇರಿರುವುದಿಲ್ಲ.

ಲೆಕ್ಕವನ್ನು ಈ ರೀತಿ ಮಾಡಿ ನೋಡಬಹುದು. ವಯಸ್ಕರೊಬ್ಬರ ಹಾಸಿಗೆಗೆ ಎರಡೂವರೆ ಅಡಿ ಅಗಲ, ಆರೂವರೆ ಅಡಿ ಉದ್ದ, ಅಂದರೆ ಸುಮಾರು 16 ಚದರ ಅಡಿ ಬೇಕು. 10 ಅಡಿ ಚೌಕದ ಡೇರೆಯ 100 ಚದರ ಅಡಿಯನ್ನು 16ರಿಂದ ಭಾಗಿಸಿದರೆ ಆರು ಬರುತ್ತದೆ. ಆದ್ದರಿಂದ ಅದು 'ಆರು ಜನರ' ಡೇರೆ. ಈಗ ಅಜ್ಜಿ, ತಂದೆ, ತಾಯಿ ಮತ್ತು ಇಬ್ಬರು ಮಕ್ಕಳಿರುವ ಐದು ಜನರ ಕುಟುಂಬವನ್ನು ಪರಿಗಣಿಸಿ. ಸಾಮಾನು ಮತ್ತು ಓಡಾಟ ಸೇರಿ ವಯಸ್ಕರಿಗೆ ತಲಾ 25 ಚದರ ಅಡಿ, ಮಕ್ಕಳಿಗೆ ತಲಾ 20 ಚದರ ಅಡಿ ಎಂದಿಟ್ಟುಕೊಂಡರೆ ಒಟ್ಟು 115 ಚದರ ಅಡಿ ಆಗುತ್ತದೆ. 10 ಅಡಿ ಅಗಲ, 12 ಅಡಿ ಉದ್ದದ ಡೇರೆ ಇದಕ್ಕೆ ಸರಿಹೊಂದುತ್ತದೆ. ಆ ಅಳತೆಯ ಡೇರೆಯ ಚೀಲದ ಮೇಲೆ ಏಳು ಅಥವಾ ಎಂಟು ಜನ ಎಂದು ಬರೆದಿರುತ್ತದೆ. ಅಂದರೆ ಕುಟುಂಬದ ಸಂಖ್ಯೆಯ ಒಂದೂವರೆ ಪಟ್ಟು ಸಂಖ್ಯೆಯ ಡೇರೆಯನ್ನು ಆರಿಸಿದರೆ ಸಾಮಾನ್ಯವಾಗಿ ತಪ್ಪಾಗುವುದಿಲ್ಲ. ಸಂಖ್ಯೆಗಿಂತಲೂ ತಳದ ಅಳತೆಯನ್ನೇ ಕೇಳಿ ತಿಳಿದುಕೊಳ್ಳುವುದು ಇನ್ನೂ ಉತ್ತಮ.

ಗೋಪುರದಂತೆ ಬಾಗಿದ ಗೋಡೆಯ ಡೇರೆಗಳಲ್ಲಿ ಇನ್ನೂ ಒಂದು ಕಡಿತವಿದೆ. ಅಂಚಿನಲ್ಲಿ ಬಟ್ಟೆಯು ಓರೆಯಾಗಿ ಇಳಿದಿರುವುದರಿಂದ ಅಂಚಿಗೆ ಮಲಗಿದವರ ತಲೆ ಮತ್ತು ಹೊದಿಕೆ ಗೋಡೆಗೆ ತಾಗಿ ಒದ್ದೆಯಾಗುತ್ತವೆ. ಸುತ್ತಲೂ ಒಂದೊಂದು ಅಡಿ ಬಿಟ್ಟರೆ 10 ಅಡಿ ಚೌಕವು 8 ಅಡಿ ಚೌಕವಾಗುತ್ತದೆ. 100 ಚದರ ಅಡಿಯ ಹಣ ಕೊಟ್ಟು 64 ಚದರ ಅಡಿಯಲ್ಲಿ ಮಲಗಿದಂತಾಗುತ್ತದೆ. ಬಿಟ್ಟ ಅಂಚಿನಲ್ಲಿ ಚೀಲಗಳನ್ನು ಇಡಬಹುದೆಂಬುದು ನಿಜ. ಆದರೂ ಗೋಡೆಗಳು ನೇರವಾಗಿರುವ ಮನೆಯಾಕಾರದ ಡೇರೆಗೂ ಗೋಪುರಾಕಾರದ ಡೇರೆಗೂ ಒಂದೇ ತಳದ ಅಳತೆಯನ್ನು ಹಿಡಿದು ಬೆಲೆ ಹೋಲಿಸುವುದು ಸರಿಯಲ್ಲ.

ಎಂಟು ಹತ್ತು ಜನರ ಕೂಡು ಕುಟುಂಬಗಳು ಒಂದು ಭಾರೀ ಡೇರೆಯ ಬದಲು ಎರಡು ಮಧ್ಯಮ ಡೇರೆಗಳನ್ನು ಪಕ್ಕಪಕ್ಕದಲ್ಲಿ ಹಾಕುವುದು ಹಲವು ವಿಧದಲ್ಲಿ ಮೇಲು. ಗಾಳಿಗೆ ಒಡ್ಡುವ ಮೈ ಕಡಿಮೆ, ಅಂಕಣ ಹುಡುಕುವುದು ಸುಲಭ, ಒಂದು ಹರಿದರೂ ಇನ್ನೊಂದರಲ್ಲಿ ಎಲ್ಲರೂ ಬೆಳಗಿನವರೆಗೆ ಕೂರಬಹುದು. ಆದರೆ ಹತ್ತು ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ಪ್ರತ್ಯೇಕ ಡೇರೆಯಲ್ಲಿ ಮಲಗಿಸತಕ್ಕದ್ದಲ್ಲ.

ಎತ್ತರ ಮತ್ತು ಬಾಗಿಲು

ಚಾರಣದ ಡೇರೆಯೊಳಗೆ ತೆವಳಿ ಹೋಗಬಹುದು. ಕುಟುಂಬದ ಡೇರೆಯಲ್ಲಿ ಅದು ಆಗದ ಮಾತು. ಮಂಡಿನೋವಿರುವ ಹಿರಿಯರು ಬಗ್ಗಿ ನುಗ್ಗಲಾರರು. ಸೀರೆ ಉಡುವವರು ಕುಳಿತುಕೊಂಡು ಉಡಲಾರರು. ನಡುವಿನ ಎತ್ತರ ಆರು ಅಡಿಗೆ ಕಡಿಮೆ ಇರಬಾರದು, ಆರೂವರೆ ಅಡಿ ಇದ್ದರೆ ಒಳ್ಳೆಯದು. ಒಳಗೆ ಪರದೆ ಕಟ್ಟಿ ಎರಡು ಕೋಣೆ ಮಾಡಿಕೊಳ್ಳುವ ಏರ್ಪಾಡಿರುವ ಡೇರೆಯು ಹೆಂಗಸರಿಗೆ ಬಟ್ಟೆ ಬದಲಿಸಲು ಅನುಕೂಲ.

ಬಾಗಿಲು ಎರಡಿರಲಿ. ಒಂದು ಬಾಗಿಲಿನ ಜಿಪ್ ಕೆಟ್ಟರೆ ಅಥವಾ ಆ ಕಡೆ ಬೆಂಕಿ ತಗುಲಿದರೆ ಇನ್ನೊಂದು ದಾರಿ ಬೇಕು. ಬಾಗಿಲಿನ ಕೆಳ ಅಂಚು ನೆಲದಿಂದ ನಾಲ್ಕಾರು ಅಂಗುಲ ಮೇಲಿರುವುದು ನೀರು ಮತ್ತು ಹುಳುಹುಪ್ಪಟೆಗಳ ದೃಷ್ಟಿಯಿಂದ ಅವಶ್ಯ. ಅದನ್ನು ಎಡವಿ ಬೀಳುವುದು ಹಿರಿಯರ ಪಾಲಿಗೆ ಅಪಾಯ. ರಾತ್ರಿಯಿಡೀ ಬಾಗಿಲ ಬಳಿ ಒಂದು ಟಾರ್ಚನ್ನು ನಿಗದಿತ ಸ್ಥಳದಲ್ಲಿ ಇಡತಕ್ಕದ್ದು. ನೆಲದ ಮೇಲೆ ಮಲಗಿ ಏಳಲಾಗದವರಿಗೆ ಮಡಚುವ ಮಂಚ ಒಯ್ಯುವುದಾದರೆ ಮಂಚದ ಕಾಲುಗಳ ಕೆಳಗೆ ಹಲಗೆಯ ತುಂಡುಗಳನ್ನು ಇಡಬೇಕು, ಇಲ್ಲವಾದಲ್ಲಿ ತಳಹಾಸು ತೂತು ಬೀಳುವುದು ನಿಶ್ಚಿತ.

ಬಟ್ಟೆ ಮತ್ತು ಮಳೆ

ದೊಡ್ಡ ಡೇರೆಗಳು ಮುಖ್ಯವಾಗಿ ಎರಡು ಬಗೆಯ ಬಟ್ಟೆಯಲ್ಲಿ ದೊರೆಯುತ್ತವೆ. ಹತ್ತಿಯ ಕ್ಯಾನ್ವಾಸ್ ಮೊದಲನೆಯದು. ಇದು ಬಿಸಿಲಿನಲ್ಲಿ ತಂಪಾಗಿಯೂ ಚಳಿಯಲ್ಲಿ ಬೆಚ್ಚಗೂ ಇರುತ್ತದೆ, ಉಸಿರಿನ ತೇವವನ್ನು ಹೊರಗೆ ಬಿಡುತ್ತದೆ, ಸರಿಯಾಗಿ ನೋಡಿಕೊಂಡರೆ ಬಹುಕಾಲ ಬಾಳುತ್ತದೆ. ಸೇನೆಗೆ ಡೇರೆ ತಯಾರಿಸುವ ಕಾರ್ಖಾನೆಯೂ ಇರುವ ಕಾನ್ಪುರ ಇಂತಹ ಡೇರೆಗಳಿಗೆ ಹೆಸರಾದ ಊರು. ಹೊಸ ಕ್ಯಾನ್ವಾಸನ್ನು ಉಪಯೋಗಿಸುವ ಮುನ್ನ ಎರಡು ಮೂರು ಬಾರಿ ನೀರಿನಲ್ಲಿ ನೆನೆಸಿ ಪೂರ್ತಿ ಒಣಗಿಸಬೇಕು; ಆಗ ನೂಲು ಉಬ್ಬಿ ಹೊಲಿಗೆಯ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಈ ಡೇರೆಯ ಭಾರವೇ ಅದರ ದೋಷ. ಕುಟುಂಬದ ಅಳತೆಯದು ಕಂಬಗಳು ಸೇರಿ 30 ರಿಂದ 40 ಕಿಲೋ ತೂಗಬಹುದು, ಮಳೆಯಲ್ಲಿ ನೆಂದರೆ ಇನ್ನೂ ಹೆಚ್ಚು. ಬಸ್ಸಿನಲ್ಲಿ ಹೋಗುವ ಕುಟುಂಬಕ್ಕೆ ಇದು ಹೊಂದುವುದಿಲ್ಲ.

ಎರಡನೆಯದು ಪಾಲಿಯೆಸ್ಟರ್. ಹಗುರ, ಬೇಗ ಒಣಗುತ್ತದೆ, ಬೆಲೆಯೂ ಕಡಿಮೆ. ಇದರ ಒಳಮೈಗೆ ಪಾಲಿಯುರೆಥೇನ್ ಲೇಪನವಿರುತ್ತದೆ. ಮಳೆ ತಡೆಯುವುದು ಬಟ್ಟೆಯಲ್ಲ, ಈ ಲೇಪನ. ಲೇಪನದ ಶಕ್ತಿಯನ್ನು ಮಿಲಿಮೀಟರುಗಳಲ್ಲಿ ಸೂಚಿಸುತ್ತಾರೆ. ಇದು ಮಳೆಮಾಪಕದ ಮಿಲಿಮೀಟರ್ ಅಲ್ಲ. ಬಟ್ಟೆಯ ಮೇಲೆ ನೀರಿನ ಕಂಬವನ್ನು ನಿಲ್ಲಿಸಿದರೆ ಎಷ್ಟು ಎತ್ತರದವರೆಗೆ ಹನಿ ಜಿನುಗುವುದಿಲ್ಲ ಎಂಬುದರ ಅಳತೆ. ಕಡಿಮೆ ಬೆಲೆಯ ಡೇರೆಗಳಲ್ಲಿ 800 ಅಥವಾ 1,000 ಎಂದಿರುತ್ತದೆ, ಇದು ತುಂತುರಿಗೆ ಸಾಕು. ನಮ್ಮ ಮಳೆಗೆ ಮೇಲ್ಹೊದಿಕೆಯು 2,000 ಮಿ.ಮೀ.ಗೆ ಕಡಿಮೆಯಿಲ್ಲದಂತೆ, ತಳಹಾಸು 3,000 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿರುವಂತೆ ನೋಡಿಕೊಳ್ಳತಕ್ಕದ್ದು. ಮಂಡಿಯೂರಿ ಕುಳಿತಾಗ ದೇಹದ ಭಾರವೆಲ್ಲ ಒಂದೆಡೆ ಒತ್ತಿ ಕೆಳಗಿನ ತೇವವನ್ನು ಮೇಲಕ್ಕೆ ಹಿಂಡುವುದರಿಂದ ತಳಕ್ಕೆ ಹೆಚ್ಚಿನ ಶಕ್ತಿ ಬೇಕಾಗುತ್ತದೆ. ಎಷ್ಟೇ ಒಳ್ಳೆಯ ಬಟ್ಟೆಯಾದರೂ ಹೊಲಿಗೆಯ ಮೇಲೆ ಒಳಗಿನಿಂದ ಪಟ್ಟಿ ಅಂಟಿಸಿರದಿದ್ದರೆ ಸೂಜಿಯ ತೂತುಗಳಿಂದ ನೀರು ಇಳಿಯುತ್ತದೆ. ಅಂಗಡಿಯಲ್ಲಿಯೇ ಮೇಲ್ಹೊದಿಕೆಯನ್ನು ತಿರುಗಿಸಿ ಈ ಪಟ್ಟಿಯನ್ನು ನೋಡಬಹುದು.

ಮೇಲ್ಹೊದಿಕೆಯ ಉದ್ದವನ್ನು ಬಹಳ ಮಂದಿ ಗಮನಿಸುವುದಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಎಷ್ಟೋ ದೊಡ್ಡ ಡೇರೆಗಳಿಗೆ ತಲೆಯ ಮೇಲೆ ಟೊಪ್ಪಿಗೆಯಿಟ್ಟಂತೆ ಚಿಕ್ಕ ಹೊದಿಕೆ ಇರುತ್ತದೆ. ಮಳೆ ನೇರವಾಗಿ ಬೀಳುವ ಕಡೆ ಇದು ನಡೆದೀತು. ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆ ಗಾಳಿಯೊಡನೆ ಓರೆಯಾಗಿ ಹೊಡೆಯುತ್ತದೆ. ಅಲ್ಲಿ ಹೊದಿಕೆಯು ನಾಲ್ಕೂ ಕಡೆ ಹೆಚ್ಚುಕಡಿಮೆ ನೆಲದವರೆಗೆ ಇಳಿದಿರಬೇಕು ಮತ್ತು ಒಳಗಿನ ಡೇರೆಗೂ ಅದಕ್ಕೂ ಅಂಗೈಯಗಲದಷ್ಟು ಅಂತರವಿರಬೇಕು. ಹೊದಿಕೆಯು ಬಾಗಿಲ ಮುಂದೆ ಜಗಲಿಯಂತೆ ಚಾಚಿದ್ದರೆ ಒದ್ದೆ ಚಪ್ಪಲಿ, ಕೊಡೆಗಳನ್ನು ಅಲ್ಲಿಯೇ ಬಿಡಬಹುದು. ಆಗುಂಬೆಯಲ್ಲಿ ವಾರ್ಷಿಕ ಸರಾಸರಿ ಮಳೆಯು 7,000 ಮಿ.ಮೀ. ಮೀರುತ್ತದೆ ಮತ್ತು ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಆ ತಿಂಗಳುಗಳಲ್ಲಿ ಪಶ್ಚಿಮ ಘಟ್ಟಗಳಲ್ಲಿ ಮಕ್ಕಳೊಂದಿಗೆ ಡೇರೆ ಹಾಕುವ ಯೋಜನೆಯನ್ನೇ ಕೈಬಿಡುವುದು ಲೇಸು. ಅದಕ್ಕೆ ತಕ್ಕ ಡೇರೆಯನ್ನು ಹುಡುಕುವುದು ಹಣದ ಅಪವ್ಯಯ.

ನವೆಂಬರ್‌ನಿಂದ ಫೆಬ್ರವರಿವರೆಗಿನ ಒಳ್ಳೆಯ ಕಾಲದಲ್ಲಿ ತೊಂದರೆ ಹೊರಗಿನ ಮಳೆಯದಲ್ಲ, ಒಳಗಿನ ಉಸಿರಿನದು. ಐದಾರು ಜನರ ಉಸಿರಿನ ತೇವವು ತಣ್ಣಗಿನ ಬಟ್ಟೆಗೆ ತಾಗಿ, ಬೆಳಗಿನ ಜಾವ ಹನಿಯಾಗಿ ಮೈಮೇಲೆ ಬೀಳುತ್ತದೆ. ಡೇರೆ ಸೋರುತ್ತಿದೆ ಎಂದು ಅಂಗಡಿಯವರಿಗೆ ಹಿಂದಿರುಗಿಸಲು ಹೋಗುವವರಲ್ಲಿ ಕೆಲವರ ಡೇರೆ ಸೋರಿರುವುದೇ ಇಲ್ಲ. ಮೇಲ್ಭಾಗದಲ್ಲಿಯೂ ಬುಡದಲ್ಲಿಯೂ ಜಾಲರಿಯ ಕಿಂಡಿಗಳಿದ್ದು, ಮಳೆಯಲ್ಲಿಯೂ ಅವುಗಳನ್ನು ತೆರೆದಿಡಲು ಬರುವಂತಿದ್ದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಕಲಬುರಗಿ, ರಾಯಚೂರು ಕಡೆಯ ಬಿಸಿಲಿನಲ್ಲಿಯೂ ಕಿಂಡಿಗಳೇ ಆಸರೆ. ಅಲ್ಲಿ ಬೇಸಿಗೆಯ ಹಗಲು 40 ಡಿಗ್ರಿ ಸೆಲ್ಸಿಯಸ್ ದಾಟುವಾಗ ಪಾಲಿಯೆಸ್ಟರ್ ಡೇರೆಯೊಳಗೆ ಶಿಶುಗಳನ್ನು ಮತ್ತು ವೃದ್ಧರನ್ನು ಹಗಲಿನಲ್ಲಿ ಮಲಗಿಸತಕ್ಕದ್ದಲ್ಲ.

ತಳಹಾಸು

ಡೇರೆಯ ಭಾಗಗಳಲ್ಲಿ ಯಾವುದರಲ್ಲಿಯೂ ರಾಜಿ ಮಾಡಿಕೊಳ್ಳಬಾರದ ಭಾಗ ಇದು. ತಳಹಾಸು ಗೋಡೆಗೆ ಹೊಲಿದು ಸೇರಿಸಿರಬೇಕು, ನಾಲ್ಕೂ ಕಡೆ ತೊಟ್ಟಿಯಂತೆ ಕೆಲವು ಅಂಗುಲ ಮೇಲೆದ್ದಿರಬೇಕು. ಹಳೆಯ ಮಾದರಿಯ ಕ್ಯಾನ್ವಾಸ್ ಡೇರೆಗಳಲ್ಲಿ ಮತ್ತು ಬಾಡಿಗೆಗೆ ದೊರೆಯುವ ಶಾಮಿಯಾನದ ಬಗೆಯ ಡೇರೆಗಳಲ್ಲಿ ಗೋಡೆ ಬೇರೆ, ಜಮಖಾನ ಬೇರೆ ಇರುತ್ತದೆ. ನಡುವಿನ ಸಂದಿಯಿಂದ ಏನು ಬೇಕಾದರೂ ಒಳಬರಬಹುದು.

ಕಟ್ಟುಹಾವು, ಅಂದರೆ ಕೆಲವೆಡೆ ಕಡಂಬಳವೆಂದು ಕರೆಯುವ ಹಾವು, ರಾತ್ರಿ ಸಂಚರಿಸುವಂಥದ್ದು. ನೆಲದ ಮೇಲೆ ಮಲಗಿದವರನ್ನು ನಿದ್ರೆಯಲ್ಲಿಯೇ ಕಚ್ಚುವುದುಂಟು. ಅದರ ಕಡಿತದಲ್ಲಿ ನೋವು, ಊತ ಹೆಚ್ಚಾಗಿ ಕಾಣದ ಕಾರಣ ಕಚ್ಚಿದ್ದೇ ತಿಳಿಯದೆ ಚಿಕಿತ್ಸೆ ತಡವಾಗುತ್ತದೆ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು, ಮಾತು ತೊದಲುವುದು ಕಂಡುಬಂದಲ್ಲಿ ಗಾಯ ಕಾಣದಿದ್ದರೂ ತಕ್ಷಣ ಆಸ್ಪತ್ರೆಗೆ ಸಾಗಿಸತಕ್ಕದ್ದು. ಹೊಲಿದ ತಳಹಾಸು ಮತ್ತು ಪೂರ್ತಿ ಮುಚ್ಚಿದ ಜಿಪ್ ಇದ್ದಲ್ಲಿ ಈ ಅಪಾಯ ಬಹುಪಾಲು ದೂರವಾಗುತ್ತದೆ. ಜಿಪ್‌ನ ಎರಡು ತುದಿಗಳು ಕೂಡುವ ಮೂಲೆಯಲ್ಲಿ ಬೆರಳು ತೂರುವಷ್ಟು ಸಂದಿ ಉಳಿಯುತ್ತದೆಯೇ ಎಂದು ಖರೀದಿಯ ಸಮಯದಲ್ಲಿ ಪರೀಕ್ಷಿಸಬೇಕು. ವಿದ್ಯುತ್ ತಂತಿ ಒಳಗೆಳೆಯಲು ಬಿಟ್ಟಿರುವ ಕಿಂಡಿಯನ್ನೂ ಮುಚ್ಚಲು ಬರುವಂತಿರಬೇಕು.

ಮಂಗನ ಕಾಯಿಲೆಯ ವಿಷಯವನ್ನೂ ಇಲ್ಲಿಯೇ ಹೇಳಬೇಕಾಗುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಮೊದಲು ಗುರುತಿಸಲಾದ ಈ ಕಾಯಿಲೆಯು ಉಣ್ಣೆಗಳ ಕಡಿತದಿಂದ ಹರಡುತ್ತದೆ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಹೆಚ್ಚು. ಶಿಬಿರಗಳ ಕಾಲವೂ ಅದೇ. ಕಾಯಿಲೆ ವರದಿಯಾದ ಅಥವಾ ಮಂಗಗಳು ಸತ್ತುಬಿದ್ದಿರುವ ಪ್ರದೇಶದಲ್ಲಿ ಡೇರೆ ಹಾಕಬಾರದು. ಇತರೆಡೆಯೂ ತರಗೆಲೆಗಳ ಮೇಲೆ ಡೇರೆ ಹಾಕದೆ ಜಾಗವನ್ನು ಗುಡಿಸಿಕೊಳ್ಳುವುದು, ಕಾಡಿನಲ್ಲಿ ತಿರುಗಾಡಿ ಬಂದವರು ಒಳಹೋಗುವ ಮುನ್ನ ಬಟ್ಟೆ ಬದಲಿಸಿ ಮೈ ಪರೀಕ್ಷಿಸಿಕೊಳ್ಳುವುದು, ಆರೋಗ್ಯ ಇಲಾಖೆಯ ಸಿಬ್ಬಂದಿ ಸೂಚಿಸಿದಲ್ಲಿ ಡೆಪಾ ತೈಲವನ್ನು ಹಚ್ಚಿಕೊಳ್ಳುವುದು ಅವಶ್ಯ. ಉಣ್ಣೆಯನ್ನು ಬಟ್ಟೆಯ ಮೇಲೆ ಹೊತ್ತು ಒಳಗೆ ತಂದಲ್ಲಿ ಯಾವ ತಳಹಾಸೂ ಕಾಪಾಡದು.

ತಳಹಾಸಿನ ಕೆಳಗೆ ಹಾಸಲು ಟಾರ್ಪಾಲನ್ನು ಉಪಯೋಗಿಸುವುದು ರೂಢಿ. ಅದು ಡೇರೆಯ ತಳಕ್ಕಿಂತ ಎಲ್ಲ ಕಡೆಯೂ ಎರಡು ಅಂಗುಲ ಚಿಕ್ಕದಿರತಕ್ಕದ್ದು. ಹೊರಗೆ ಚಾಚಿಕೊಂಡಿದ್ದರೆ ಮೇಲಿನಿಂದ ಇಳಿದ ನೀರನ್ನು ಹಿಡಿದು ನೇರವಾಗಿ ಹಾಸಿಗೆಯ ಅಡಿಗೆ ಸೇರಿಸುತ್ತದೆ. ದೊಡ್ಡ ಟಾರ್ಪಾಲಾದರೆ ಅಂಚನ್ನು ಒಳಗೆ ಮಡಚಬೇಕು.

ಕಂಬ, ಹಗ್ಗ, ಗೂಟ

ದೊಡ್ಡ ಡೇರೆಗಳ ಕಂಬಗಳು ಉಕ್ಕು, ಅಲ್ಯೂಮಿನಿಯಂ ಅಥವಾ ಫೈಬರ್ ಗ್ಲಾಸಿನವು. ಉಕ್ಕು ಭಾರವಾದರೂ ನಂಬಿಕೆಗೆ ಅರ್ಹ, ಆದರೆ ಕರಾವಳಿಯಲ್ಲಿ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಬಾಗುತ್ತದೆಯೇ ಹೊರತು ಸುಲಭವಾಗಿ ಮುರಿಯದು. ಫೈಬರ್ ಗ್ಲಾಸ್ ಅಗ್ಗ. ಸೀಳಿದರೆ ಚೂಪಾದ ಸಿಬಿರೇಳುತ್ತದೆ. ಇದನ್ನು ಕೊಳ್ಳುವವರು ಒಂದು ತುಂಡನ್ನು ಹೆಚ್ಚುವರಿಯಾಗಿ ಕೇಳಿ ಪಡೆಯಬೇಕು. ಗುಂಡಿ ಒತ್ತಿದರೆ ತಾನಾಗಿ ಬಿಚ್ಚಿಕೊಳ್ಳುವ ಡೇರೆಗಳು ನೋಡಲು ಆಕರ್ಷಕ, ಕೀಲು ಮುರಿದರೆ ಹಳ್ಳಿಯ ಕುಲುಮೆಯಲ್ಲಿ ದುರಸ್ತಿ ಆಗುವಂಥವಲ್ಲ.

ಡೇರೆಯ ಜೊತೆ ಬರುವ ತಂತಿಯಂತಹ ಗೂಟಗಳು ಹುಲ್ಲುಹಾಸಿಗೆ ಮಾತ್ರ ಸರಿ. ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ನೆಲದಲ್ಲಿ ಅವು ಮೊದಲ ಪೆಟ್ಟಿಗೇ ಬಾಗುತ್ತವೆ; ಅಲ್ಲಿಗೆ ಹತ್ತು ಅಂಗುಲದ ಕಬ್ಬಿಣದ ಸರಳಿನ ಗೂಟಗಳನ್ನು ಕಮ್ಮಾರರಲ್ಲಿ ಮಾಡಿಸಿಕೊಳ್ಳುವುದು ಅಗ್ಗವೂ ಹೌದು, ಗಟ್ಟಿಯೂ ಹೌದು. ಉತ್ತರ ಕರ್ನಾಟಕದ ಎರೆ ಮಣ್ಣು ಒಣಗಿದಾಗ ಬಿರುಕು ಬಿಟ್ಟು, ನೆಂದಾಗ ಬೆಣ್ಣೆಯಂತಾಗುವುದರಿಂದ ಇನ್ನೂ ಉದ್ದನೆಯ ಗೂಟ ಬೇಕು. ಸಮುದ್ರತೀರದ ಮರಳಿನಲ್ಲಿ ಗೂಟವೇ ನಿಲ್ಲದು. ಮರಳು ತುಂಬಿದ ಚೀಲಕ್ಕೆ ಹಗ್ಗ ಕಟ್ಟಿ ಹೂಳುವುದು ಮೀನುಗಾರರಿಗೂ ತಿಳಿದ ಉಪಾಯ. ಗೂಟದ ತಲೆಯು ಡೇರೆಯಿಂದ ಆಚೆಗೆ ವಾಲಿರಬೇಕು. ಹಗ್ಗಕ್ಕೆ ಬಿಳಿಯ ಬಟ್ಟೆಯ ಚೂರು ಕಟ್ಟಿದರೆ ರಾತ್ರಿ ಮಕ್ಕಳು ಎಡವುವುದಿಲ್ಲ.

ನದಿಯ ಪಾತ್ರದಲ್ಲಿ, ಎಷ್ಟೇ ಒಣಗಿರಲಿ, ಡೇರೆ ಹಾಕತಕ್ಕದ್ದಲ್ಲ. ಕೃಷ್ಣರಾಜಸಾಗರ ಅಥವಾ ಕಬಿನಿ ಜಲಾಶಯದಿಂದ ನೀರು ಬಿಟ್ಟಾಗ, ತಾಣದಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ಕೆಳಗಿನ ಕಾವೇರಿ ದಂಡೆಯಲ್ಲಿ ನೀರು ಏರುತ್ತದೆ. ದೊಡ್ಡ ಡೇರೆಯನ್ನು ಕತ್ತಲೆಯಲ್ಲಿ ಐದು ನಿಮಿಷದಲ್ಲಿ ಕಿತ್ತು ಸಾಗಿಸುವುದು ಅಸಾಧ್ಯ.

ಬೆಂಕಿ, ಹೊಗೆ, ಸಿಡಿಲು

ಡೇರೆಯ ಬಟ್ಟೆಗೆ 'ಸಿಪಿಎಐ-84' ಎಂಬ ಗುರುತಿದ್ದರೆ ಅದು ಬೆಂಕಿ ಹರಡುವುದನ್ನು ತಡೆಯುವ ಒಂದು ಅಮೆರಿಕನ್ ಪರೀಕ್ಷೆಗೆ ಒಳಪಟ್ಟಿದೆ ಎಂದರ್ಥ. ಸುಡುವುದೇ ಇಲ್ಲ ಎಂದಲ್ಲ. ಪಾಲಿಯೆಸ್ಟರ್ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಮೇಣದಬತ್ತಿ, ಸ್ಟೌ, ಸೊಳ್ಳೆ ಬತ್ತಿ, ಊದುಬತ್ತಿ ಯಾವುದನ್ನೂ ಒಳಗೆ ಹಚ್ಚಬಾರದು.

ಅದಕ್ಕಿಂತಲೂ ಘೋರವಾದುದು ಕೆಂಡ. ಕೊಡಗು, ಚಿಕ್ಕಮಗಳೂರಿನ ಚಳಿಯಲ್ಲಿ ಅಡಿಗೆ ಮುಗಿದ ಇದ್ದಿಲ ಒಲೆಯನ್ನು ಮಕ್ಕಳು ಬೆಚ್ಚಗಿರಲೆಂದು ಒಳಗಿಟ್ಟು ಜಿಪ್ ಎಳೆದರೆ, ಹೊಗೆ ಕಾಣದಿದ್ದರೂ ಕಾರ್ಬನ್ ಮೊನಾಕ್ಸೈಡ್ ಅನಿಲ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ. ಆರುತ್ತಿರುವ ಕೆಂಡವೂ ಇದೇ ಅನಿಲವನ್ನು ಬಿಡುತ್ತದೆ. ಚಳಿಗೆ ಕಂಬಳಿ ಮತ್ತು ಹಾಸಿಗೆಯ ಅಡಿಯ ದಪ್ಪ ಹಾಸು ಬೇಕೇ ಹೊರತು ಬೆಂಕಿಯಲ್ಲ.

ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಸಿಡಿಲು ಸಾಮಾನ್ಯ. ಡೇರೆಯು ಸಿಡಿಲಿನಿಂದ ರಕ್ಷಣೆ ನೀಡುವುದಿಲ್ಲ. ಕಂಬ ಲೋಹದ್ದಾಗಿರಲಿ ಬೇರೆಯದಾಗಿರಲಿ ಇದು ಒಂದೇ. ಗುಡುಗು ಕೇಳಿದೊಡನೆ ಕಟ್ಟಡ ಅಥವಾ ಲೋಹದ ಚಾವಣಿಯ ಕಾರಿನೊಳಗೆ ಹೋಗಬೇಕು. ಹೊರಡುವ ಮುನ್ನ ಮೊಬೈಲಿನಲ್ಲಿ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪನ್ನು ಅಳವಡಿಸಿಕೊಂಡಲ್ಲಿ ಸಿಡಿಲಿನ ಮುನ್ಸೂಚನೆ ದೊರೆಯುತ್ತದೆ. ಒಂಟಿ ಮರದಡಿ ಡೇರೆ ಹಾಕುವುದನ್ನು ತಪ್ಪಿಸಿದರೆ ಸಿಡಿಲಿನ ಜೊತೆಗೆ ಒಣ ಕೊಂಬೆ ಬೀಳುವ ಅಪಾಯವೂ ತಪ್ಪುತ್ತದೆ.

ಆನೆ ಸಂಚಾರವಿರುವ ಕಡೆ ಆಹಾರ ಪದಾರ್ಥ, ವಿಶೇಷವಾಗಿ ಹಣ್ಣು, ಬೆಲ್ಲ ಮತ್ತು ಉಪ್ಪನ್ನು, ಡೇರೆಯೊಳಗೆ ಇಡತಕ್ಕದ್ದಲ್ಲ.

ಖರೀದಿ ಮತ್ತು ಬಾಡಿಗೆ

ಮೊದಲ ಬಾರಿ ಶಿಬಿರಕ್ಕೆ ಹೋಗುವ ಕುಟುಂಬವು ಬಾಡಿಗೆ ಡೇರೆಯಿಂದ ಆರಂಭಿಸುವುದು ಮಿತವ್ಯಯದ ಮಾರ್ಗ. ಲೆಕ್ಕ ಸರಳ: ಡೇರೆಯ ಬೆಲೆಯನ್ನು ಒಂದು ರಾತ್ರಿಯ ಬಾಡಿಗೆಯಿಂದ ಭಾಗಿಸಿ. ಬಂದಷ್ಟು ರಾತ್ರಿಗಳನ್ನು ಮುಂದಿನ ನಾಲ್ಕೈದು ವರ್ಷಗಳಲ್ಲಿ ಕಳೆಯುವ ಸಂಭವವಿಲ್ಲದಿದ್ದರೆ ಖರೀದಿ ಲಾಭಕರವಲ್ಲ. ಬಾಡಿಗೆಗೆ ಪಡೆಯುವಾಗ ಡೇರೆಯನ್ನು ಬಿಚ್ಚಿಸಿ ಕಂಬ, ಗೂಟಗಳನ್ನು ಎಣಿಸಿ, ಜಿಪ್ ಎಳೆದು ನೋಡಿ, ಮೊದಲೇ ಇದ್ದ ಹರಕುಗಳನ್ನು ಚೀಟಿಯಲ್ಲಿ ಬರೆಯಿಸಿಕೊಳ್ಳತಕ್ಕದ್ದು.

ಹೊಸದನ್ನು ಕೊಳ್ಳುವಾಗ ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆ, ತಯಾರಕರು ಅಥವಾ ಆಮದುದಾರರ ಹೆಸರು ವಿಳಾಸ, ಗ್ರಾಹಕರ ದೂರಿಗೆ ಸಂಪರ್ಕ ವಿವರ ಇರುವುದನ್ನು ನೋಡಿಕೊಳ್ಳಬೇಕು. ಇವು ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳು) ನಿಯಮಗಳು, 2011ರ ಪ್ರಕಾರ ಕಡ್ಡಾಯ. ಬಿಲ್ಲು ಪಡೆಯದೆ ಕೊಂಡ ಡೇರೆ ಸೋರಿದರೆ ಕೇಳುವವರಿಲ್ಲ. ದೋಷಪೂರಿತ ಡೇರೆಯ ಬಗ್ಗೆ ಮಾರಾಟಗಾರರು ಸ್ಪಂದಿಸದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಡಿ ಜಿಲ್ಲಾ ಆಯೋಗಕ್ಕೆ ದೂರು ಸಲ್ಲಿಸಲು ವ್ಯಾಜ್ಯ ಕಾರಣ ಉದ್ಭವಿಸಿದ ದಿನದಿಂದ ಎರಡು ವರ್ಷಗಳ ಅವಕಾಶವಿದೆ.

ಹೊರಡುವ ಮುನ್ನ ಒಮ್ಮೆ ಡೇರೆಯನ್ನು ಮನೆಯ ಬಳಿ ಅಥವಾ ಶಾಲಾ ಮೈದಾನದಲ್ಲಿ ಪೂರ್ಣವಾಗಿ ಹಾಕಿ, ಮೇಲಿನಿಂದ ಹತ್ತು ನಿಮಿಷ ಪೈಪಿನಲ್ಲಿ ನೀರು ಬಿಟ್ಟು ಪರೀಕ್ಷಿಸಬೇಕು. ಕೈಪಿಡಿ ನೋಡದೆ ಇಬ್ಬರು ಅರ್ಧ ಗಂಟೆಯಲ್ಲಿ ನಿಲ್ಲಿಸಲು ಬಂದರೆ ಡೇರೆಯು ಆ ಕುಟುಂಬಕ್ಕೆ ತಕ್ಕದ್ದು. ನಾಲ್ಕು ಜನ ಬೇಕಾದಲ್ಲಿ, ಸಂಜೆ ಮಳೆಯಲ್ಲಿ ತಾಣ ತಲುಪಿದಾಗ ಅಜ್ಜಿ ಮತ್ತು ಮಕ್ಕಳೂ ಕಂಬ ಹಿಡಿಯಬೇಕಾಗುವುದೆಂದು ತಿಳಿಯಬೇಕು.

ಬಳಕೆಯ ನಂತರ

ಡೇರೆಗಳು ಶಿಬಿರದಲ್ಲಿ ಹಾಳಾಗುವುದಕ್ಕಿಂತ ಮನೆಯ ಅಟ್ಟದಲ್ಲಿ ಹಾಳಾಗುವುದೇ ಹೆಚ್ಚು. ಒದ್ದೆ ಕ್ಯಾನ್ವಾಸನ್ನು ಕೆಲವೇ ದಿನ ಮಡಚಿಟ್ಟರೂ ಬೂಸ್ಟು ಹಿಡಿಯುತ್ತದೆ. ಪಾಲಿಯೆಸ್ಟರ್ ಕೊಳೆಯದಿದ್ದರೂ ಸೆಕೆ ಮತ್ತು ತೇವದಲ್ಲಿ ಅದರ ಲೇಪನ ಕಾಲಕ್ರಮೇಣ ಅಂಟಂಟಾಗಿ, ದುರ್ವಾಸನೆ ಬೀರಿ ಸುಲಿಯುತ್ತದೆ. ಮಂಗಳೂರು, ಕಾರವಾರದಂತಹ ಊರುಗಳಲ್ಲಿ ಇದು ಬೇಗ ಆಗುತ್ತದೆ. ಮನೆಗೆ ಬಂದ ದಿನವೇ ನೆರಳಿನಲ್ಲಿ ಪೂರ್ತಿ ಒಣಗಿಸಿ, ಬಿಗಿಯಾಗಿ ಸುತ್ತದೆ ಸಡಿಲವಾದ ಬಟ್ಟೆಯ ಚೀಲದಲ್ಲಿ, ಇಲಿ ತಾಗದ ಕಡೆ ಇಡತಕ್ಕದ್ದು. ಸಾಬೂನಿನ ಪುಡಿಯಿಂದ ಒಗೆಯಬಾರದು, ಯಂತ್ರಕ್ಕೆ ಹಾಕಬಾರದು. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಮಳೆಗಾಲದ ನಂತರ ಒಮ್ಮೆ ಬಿಚ್ಚಿ ಹೊಲಿಗೆಯ ಪಟ್ಟಿಗಳನ್ನು ಪರಿಶೀಲಿಸಿ, ಸಡಿಲವಾದಲ್ಲಿ ಸೀಮ್ ಅಂಟು ಹಚ್ಚಬೇಕು.

ತುರ್ತು ಸಂದರ್ಭದಲ್ಲಿ 112, ಆಂಬ್ಯುಲೆನ್ಸ್‌ಗೆ 108 ಹಾಗೂ ಅರಣ್ಯ ಇಲಾಖೆಯ ಸಹಾಯವಾಣಿ 1926ನ್ನು ಸಂಪರ್ಕಿಸಬಹುದು. ಹಲವು ಶಿಬಿರ ತಾಣಗಳಲ್ಲಿ ಮೊಬೈಲ್ ಸಂಪರ್ಕ ದೊರೆಯದಿರುವುದರಿಂದ, ಸಮೀಪದ ಆಸ್ಪತ್ರೆಯ ದಾರಿ ಮತ್ತು ತಾಣದ ಕಾವಲುಗಾರರ ವಸತಿ ಎಲ್ಲಿದೆ ಎಂಬುದನ್ನು ಡೇರೆ ಹಾಕುವ ಮೊದಲೇ ಕೇಳಿ ತಿಳಿದುಕೊಳ್ಳತಕ್ಕದ್ದು.